ಮಿರ್ಚಿ ಅಂಗಡಿಯಾಕೆಯ ದನಿ

ತೊರೆಹಾಳ ಜಂಕ್ಷನ್,
ಬಯಲಾದ ವರ್ಷದಿಂದ ನೂರಹದಿನೈದನೆಯ ವರ್ಷ,
ಆಶ್ವೀಜ ಮೂವತ್ತೆರಡು, ಬಿಡುವಾರ.

ಬೆಳಕಿಂಡಿ ಎಂದು ಸಹಿ ಹಾಕುವ ತಮ್ಮನಿಗೆ,

ತಾರೀಕು ನೋಡಿ ಗಾಬರಿಯಾಗಬೇಡ. ನಾವು ಆಶ್ವೀಜಕ್ಕೆ ಎರಡು ದಿನ ಹೆಚ್ಚಿಗೆ ಸೇರಿಸಿಕೊಂಡಿದ್ದೇವೆ, ವಾರಕ್ಕೂ ಒಂದು ದಿನ. ಆ ಎಂಟನೆಯ ದಿನವೇ ಬಿಡುವಾರ. ಅಂದು ಯಾರೂ ಯಾರನ್ನೂ ಏನನ್ನೂ ಕೇಳುವಂತಿಲ್ಲ, ಎಲ್ಲಿಗೆ ಹೊರಟೆ ಎಂದು ಕೂಡ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನೀವು ಬಿಟ್ಟುಹೋದ ಹರಟೆಗಳಿಂದ, ಜಾಹೀರಾತುಗಳಿಂದ ಮತ್ತು ಪೊಲೀಸ್ ಪಂಚನಾಮೆಗಳಿಂದ. ಹಾಗಾಗಿ ನನ್ನ ಮಾತು ಒಂದು ಕಡೆ ಸಾಬೂನು ಮಾರುವವಳ ಹಾಗೆ, ಇನ್ನೊಂದು ಕಡೆ ಹೆಡ್ ಕಾನ್‌ಸ್ಟೆಬಲ್ ಹಾಗೆ ಕೇಳಿಸಿದರೆ ಹೊಟ್ಟೆಗೆ ಹಾಕಿಕೋ. ವಯಸ್ಸಿನಲ್ಲಿ ನೀನು ನನಗಿಂತ ಚಿಕ್ಕವನು, ಕಾಲದಲ್ಲಿ ಮುತ್ತಜ್ಜ. ಮುತ್ತಜ್ಜನಿಗೆ ಬುದ್ಧಿ ಹೇಳುವುದು ಕಷ್ಟ, ಅದಕ್ಕೇ ತಮ್ಮಾ ಎನ್ನುತ್ತೇನೆ.

ಈ ಓಲೆ ನಿನ್ನ ಕಂಪ್ಯೂಟರಿನಲ್ಲಿ, ಕಳಿಸಿದವರ ಹೆಸರಿಲ್ಲದ ಫೈಲಾಗಿ ಕಾಣಿಸಿಕೊಂಡಿರುತ್ತದೆ. ಹಿಂದಿನವರಿಗೆ ಬರೆಯುವುದರಿಂದ ನಾವು ಇದನ್ನು ಹಿಂದೋಲೆ ಎನ್ನುತ್ತೇವೆ. ಒಂದು ಮನೆಗೆ ಒಂದು ತಲೆಮಾರಿನಲ್ಲಿ ಒಂದೇ ಹಿಂದೋಲೆ ಕಳಿಸಲು ಅವಕಾಶ. ನಮ್ಮ ಪಕ್ಕದ ಮನೆಯವರು ತಮ್ಮದನ್ನು, ಮೂಲೆಯ ಸೈಟು ಮಾರಬೇಡ ಎಂದು ಅವರ ಮುತ್ತಜ್ಜನಿಗೆ ಬರೆಯಲು ಖರ್ಚು ಮಾಡಿದರು. ಅವನು ಮಾರಿಯೇ ಬಿಟ್ಟ. ಹೀಗಿರುವಾಗ ನನ್ನ ಮಾತು ನಿನಗೆ ನಾಟುತ್ತದೆಂಬ ಭರವಸೆಯೇನೂ ನನಗಿಲ್ಲ. ಯಾರೋ ಹೇಳದೆ ಕೇಳದೆ ನನ್ನ ಕಂಪ್ಯೂಟರಿನೊಳಗೆ ನುಗ್ಗಿದರಲ್ಲ ಎಂದು ನಿನಗೆ ಸಿಟ್ಟು ಬಂದಿದ್ದರೆ, ಆ ಸಿಟ್ಟನ್ನು ಸ್ವಲ್ಪ ಹೊತ್ತು ಹಾಗೇ ಇಟ್ಟುಕೋ. ಮುಂದೆ ಬೇಕಾಗುತ್ತದೆ.

ನೀನು ಈಗ ತೊರೆಹಾಳ ಪೊಲೀಸ್ ಠಾಣೆಯ ಗುಟ್ಟಿನ ದಾಖಲೆಗಳನ್ನೆಲ್ಲ ತೆಗೆದಿಟ್ಟುಕೊಂಡು ಕೂತಿದ್ದೀ. ಇನ್ನೂ ಹೊರಗೆ ಬಿಟ್ಟಿಲ್ಲ. ಯಾಕೆ ಕದ್ದೆ ಎಂಬುದೂ ನಮಗೆ ಗೊತ್ತು. ಠಾಣೆಯ ಗೇಟಿನ ಮುಂದೆ ಹುಲಿಗೆವ್ವ ಎಂಬ ತಾಯಿ ದಿನವೂ ಮಗನ ಫೋಟೋ ಹಿಡಿದು ನಿಲ್ಲುತ್ತಾಳೆ. ಮಗ ಯಮನೂರಿಯನ್ನು ವಿಚಾರಣೆಗೆಂದು ಕರೆದೊಯ್ದವರು, ಅವನು ಅಂದು ಸಂಜೆಯೇ ಎದ್ದು ಹೋದ, ಎಲ್ಲಿಗೆ ಹೋದನೋ ನಮಗೇನು ಗೊತ್ತು ಎನ್ನುತ್ತಾರೆ. ಕಾಲೇಜಿಗೆ ಹೋಗುವಾಗ ಬರುವಾಗ ಆಕೆಯನ್ನು ನೋಡಿ ನೋಡಿ, ನೋಡಲಾಗದೆ ನೀನು ಈ ಕೆಲಸಕ್ಕೆ ಕೈಹಾಕಿದೆ. ನಿನ್ನ ಹತ್ತಿರ ಈಗ ಡಾಕ್ಟರ ವರದಿ ಇದೆ. ಹುಡುಗ ಲಾಕಪ್ಪಿನಲ್ಲೇ, ಹೊಡೆತಕ್ಕೆ ಸತ್ತ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿದೆ. ಅದರ ಜೊತೆಗೆ ಒಂದು ಧ್ವನಿಮುದ್ರಣವೂ ಇದೆ. ಠಾಣೆಯ ಹಿಂಬಾಗಿಲ ಎದುರು ಮಿರ್ಚಿ ಮಂಡಕ್ಕಿ ಮಾರುವ ಹೆಂಗಸೊಬ್ಬಳು, ಹುಡುಗನನ್ನು ಕಂಬಳಿಯಲ್ಲಿ ಸುತ್ತಿ ಜೀಪಿಗೆ ಹಾಕಿದ್ದನ್ನು ಕಂಡವಳು, ಒಳಗಿನ ತನಿಖೆಗೆ ಬಂದ ದೊಡ್ಡ ಅಧಿಕಾರಿಯ ಮುಂದೆ ಕೂತು ಹೇಳಿದ ಮಾತು ಅದು. ಅಧಿಕಾರಿಗೆ ವರ್ಗವಾಯಿತು, ಫೈಲು ಕಪಾಟು ಸೇರಿತು. ಆ ಹೆಂಗಸು ನನ್ನ ಅಜ್ಜಿಯ ಅಜ್ಜಿ. ಆಕೆಯ ಹೆಸರು ನಿನ್ನ ಮುಂದಿದೆ, ನಾನು ಬರೆಯುವುದಿಲ್ಲ.

ನೀನು ಎಲ್ಲವನ್ನೂ ಒಟ್ಟಿಗೆ ಹೊರಗೆ ಬಿಡುತ್ತೀ. ಜೊತೆಗೊಂದು ಸಾಲು ಬರೆಯುತ್ತೀ. ನಾನು ಏನನ್ನೂ ಆರಿಸಿಲ್ಲ, ಆರಿಸಿದರೆ ನಾನೂ ಅವರ ಹಾಗೆ ಬಚ್ಚಿಡುವವನಾಗುತ್ತೇನೆ ಎಂದು. ನಮ್ಮ ಮಕ್ಕಳು ಶಾಲೆಯಲ್ಲಿ ಅದನ್ನು ಬಾಯಿಪಾಠ ಮಾಡುತ್ತಾರೆ. ನಮ್ಮಜ್ಜಿಗೆ ಮಾತ್ರ ಆ ಸಾಲು ಕೇಳಿದರೆ ಮೈ ಉರಿಯುತ್ತದೆ. ಕಲ್ಲು ತೆಗೆಯದೆ ಅನ್ನ ಮಾಡಿ ಬಡಿಸಿದವಳನ್ನು ಯಾರಾದರೂ ಪ್ರಾಮಾಣಿಕಳು ಎನ್ನುತ್ತಾರೇನು, ಮೈಗಳ್ಳಿ ಎನ್ನುತ್ತಾರೆ ಎನ್ನುವುದು ಅವಳ ವಾದ.

ಹಾಗೆಂದು ನಿನ್ನನ್ನು ಬಯ್ಯಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ. ನೀನು ಆ ಬೀಗ ಮುರಿಯದಿದ್ದರೆ ಹುಲಿಗೆವ್ವ ಸಾಯುವ ತನಕ ಗೇಟಿನಲ್ಲೇ ನಿಂತಿರುತ್ತಿದ್ದಳು. ಕೋರ್ಟಿನಲ್ಲಿ ಡಾಕ್ಟರ ವರದಿ ನಿಂತಿತು, ಹೊಡೆದವರು ಜೈಲಿಗೆ ಹೋದರು, ಮಗನನ್ನು ಹೂತ ಜಾಗ ತಾಯಿಗೆ ಸಿಕ್ಕಿತು. ಅದರ ಹಿಂದೆಯೇ ಬೇರೆ ಊರಿನ ಠಾಣೆಗಳ ದಾಖಲೆಗಳೂ ಹೊರಬಿದ್ದವು. ಆ ಇಡೀ ರಾಶಿಗೆ ನಾವು ಬಯಲು ಎನ್ನುತ್ತೇವೆ.

ಈ ಬಯಲಿನಲ್ಲೇ ನಮ್ಮ ಬದುಕು ನಡೆಯುತ್ತದೆ. ರೈಲು ನಿಂತುಹೋದ ಹಳೆಯ ಪ್ಲಾಟ್‌ಫಾರ್ಮಿನ ಮೇಲೆ ಬಯಲುಮನೆ ಇದೆ. ಅದರ ಗೋಡೆಯ ತುಂಬ ದೀಪದ ಗೂಡಿನಂಥ ಗೂಡುಗಳು, ಅವಕ್ಕೆ ಕಿವಿಗೂಡು ಎನ್ನುತ್ತೇವೆ. ತಲೆ ಒಳಗಿಟ್ಟು ಒಂದು ಹೆಸರು ಹೇಳಿದರೆ, ಆ ಹೆಸರಿನವರು ಎಂದೋ ಪೊಲೀಸರ ಮುಂದೆ ಆಡಿದ ಮಾತು ಅವರದೇ ದನಿಯಲ್ಲಿ ಕೇಳಿಸುತ್ತದೆ. ಹೆಣ್ಣು ಕೊಡುವ ಮೊದಲು ಜನ ಅಲ್ಲಿಗೆ ಹೋಗಿ ಕಿವಿ ಇಟ್ಟು ಬರುತ್ತಾರೆ. ನನ್ನ ಗೆಳತಿಯ ಸಂಬಂಧ ಮುರಿದದ್ದು, ಹುಡುಗನ ಮುತ್ತಜ್ಜ ಇಸ್ಪೀಟಿನಲ್ಲಿ ಸಿಕ್ಕಿಬಿದ್ದು ಅತ್ತಿದ್ದ ಎಂದು. ಇಸ್ಪೀಟು ಆಡಿದ್ದಕ್ಕಲ್ಲ, ಅತ್ತದ್ದಕ್ಕೆ. ಈಗ ತೊಟ್ಟಿಲಲ್ಲಿ ಕೂಸಿಗೆ ಎರಡು ಹೆಸರಿಡುತ್ತೇವೆ. ಒಂದನ್ನು ಎಲ್ಲರಿಗೂ ಕೇಳುವಂತೆ ಕೂಗುತ್ತೇವೆ. ಇನ್ನೊಂದನ್ನು ಸೋದರತ್ತೆ ಕುರ್ರ್ ಎಂದು ಊದುವಾಗ ಕೂಸಿನ ಕಿವಿಯಲ್ಲಿ ಮಾತ್ರ ಹೇಳುತ್ತಾಳೆ, ಅದು ಯಾವ ಕಾಗದದಲ್ಲೂ ಬರುವುದಿಲ್ಲ. ಅದಕ್ಕೆ ಕಿವಿಹೆಸರು ಎನ್ನುತ್ತೇವೆ.

ಇದಕ್ಕಿಂತ ಕೆಟ್ಟದ್ದು ಗೋಡೆಮಾತು. ಮಿರ್ಚಿ ಅಂಗಡಿಯಾಕೆಗೆ ಆದದ್ದನ್ನು ನೋಡಿದ ಮೇಲೆ ತೊರೆಹಾಳದಲ್ಲಿ ಯಾರೂ ಏನನ್ನೂ ಕಾಣದವರಾದರು. ಬೀದಿಯಲ್ಲಿ ಕೊಲೆಯಾದರೂ, ಹೆಂಗಸೊಬ್ಬಳನ್ನು ಎಳೆದೊಯ್ದರೂ, ಕೇಳಿದರೆ ನಾನು ಗೋಡೆ ನೋಡುತ್ತಿದ್ದೆ ಎನ್ನುವುದೇ ಉತ್ತರ. ಒಂದಿಡೀ ತಲೆಮಾರು ಹೀಗೆ ಕಳೆಯಿತು. ನೀನು ಹಿಡಿಸಿದ ಪೊಲೀಸರಂಥವರು ಮತ್ತೆ ಬಂದಾಗ, ಅವರ ವಿರುದ್ಧ ಬಾಯಿಬಿಡುವವರೇ ಇರಲಿಲ್ಲ. ಕೊನೆಗೆ ಊರಿನವರೇ ಪರದೆಗಾರಿಕೆ ಎಂಬ ಹೊಸ ಕಸುಬು ಕಟ್ಟಿದರು. ನಾನು ಮಾಡುವುದು ಅದನ್ನೇ. ಕಂಡವರು ಪರದೆಯ ಆಚೆ ಕೂತು ಹೇಳುತ್ತಾರೆ, ನಾನು ಈಚೆ ಕೂತು ಕೇಳುತ್ತೇನೆ, ಕೋರ್ಟಿನಲ್ಲಿ ನಿಂತು ಆ ಮಾತನ್ನು ನನ್ನ ದನಿಯಲ್ಲಿ ಹೇಳುತ್ತೇನೆ. ಮಾತು ಹೊರಗೆ ಹೋಗಬೇಕು, ದನಿ ಹೋಗಬಾರದು. ಇದೇ ನಮ್ಮ ಕಟ್ಟಳೆ.

ಈಗ ಆಕೆಯ ವಿಷಯ. ಆಕೆಯ ಕೂಗು ರೈಲಿನಲ್ಲಿ ಕೂತವರಿಗೂ ಕೇಳುತ್ತಿತ್ತಂತೆ. ಬಿಸಿ ಮಿರ್ಚಿ ಎಂದು ಆಕೆ ರಾಗ ಎಳೆದರೆ ಹಸಿವಿಲ್ಲದವರೂ ಇಳಿದು ಬರುತ್ತಿದ್ದರಂತೆ. ನೀನು ದಾಖಲೆ ಬಿಟ್ಟ ಮೇಲೆ ಬೆದರಿಕೆಗಳು ಬಂದವು, ಆಕೆ ಹೆದರಿದಳು, ಆದರೆ ಬಾಯಿ ಮುಚ್ಚಲಿಲ್ಲ. ಬಾಯಿ ಮುಚ್ಚಿಸಿದ್ದು ಬೇರೆ. ಆ ಧ್ವನಿಮುದ್ರಣದಲ್ಲಿ ಒಂದು ಕಡೆ ಆಕೆ ಅಧಿಕಾರಿಯನ್ನು ಬೇಡಿಕೊಳ್ಳುತ್ತಾಳೆ: "ಸಾಹೇಬ್ರ, ನನ್ನ ಹೆಸರು ಎಲ್ಲೂ ಬರಬಾರ್ದ್ರೀ. ನಿಮ್ಮ ಕಿವಿಗಷ್ಟ ಹೇಳಾಕತ್ತೀನಿ." ಆ ನಡುಗುವ ಮಾತು ಊರಿನ ಎಲ್ಲ ಫೋನುಗಳಿಗೂ ಹೋಯಿತು. ಯಾರೋ ಅದಕ್ಕೆ ತಾಳ ಹಾಕಿದರು. ಒಂದು ದಿನ ಆಕೆ ಮಿರ್ಚಿ ಎಂದು ಕೂಗಿದಾಗ ಎದುರು ಕಟ್ಟೆಯ ಮೇಲೆ ಕೂತಿದ್ದವರು, ದಿನವೂ ಆಕೆಯ ಕೈಯಿಂದಲೇ ತಿನ್ನುತ್ತಿದ್ದವರು, ನನ್ನ ಹೆಸರು ಎಲ್ಲೂ ಬರಬಾರ್ದ್ರೀ ಎಂದು ಅದೇ ನಡುಗುವ ದನಿಯಲ್ಲಿ ಅಣಕಿಸಿ ನಕ್ಕರು. ಆಕೆ ಬಾಣಲೆ ಇಳಿಸಿದಳು. ಮಗಳನ್ನು ಕರೆದುಕೊಂಡು ಎರಡು ನದಿ ದಾಟಿ ಬೇರೆ ಊರಿಗೆ ಹೋದಳು. ಮತ್ತೆ ಸಾಯುವ ತನಕ ಒಂದು ಮಾತೂ ಆಡಲಿಲ್ಲ.

ತೀರ್ಪು ಬಂದ ಮೇಲೆ ಹುಲಿಗೆವ್ವ ಹುಡುಕಿಕೊಂಡು ಅಲ್ಲಿಗೆ ಹೋಗಿದ್ದಳು. ಹೊಸ್ತಿಲಲ್ಲಿ ಕೂತು, "ಯಕ್ಕಾ, ನನ್ನ ಮಗನ್ನ ನೀ ತಿರುಗಿ ಕೊಟ್ಟಿ. ನಿನ್ನ ದನಿ ನಾವು ಕಸಗೊಂಡ್ವಿ" ಎಂದಳಂತೆ. ನಿಜ ಹೇಳಬೇಕೆಂದರೆ, ಮಗನನ್ನು ತಿರುಗಿ ಕೊಟ್ಟದ್ದು ಡಾಕ್ಟರ ವರದಿ. ಆಕೆಯ ದನಿಯನ್ನು ಕೋರ್ಟು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ, ಯಾಕೆಂದರೆ ಆಕೆ ಬಂದು ಸಾಕ್ಷಿ ನುಡಿಯಲಿಲ್ಲ. ಅದು ಆಕೆಗೂ ಗೊತ್ತಿತ್ತು, ಹುಲಿಗೆವ್ವನಿಗೂ ಗೊತ್ತಿತ್ತು. ಆಕೆ ಒಳಗೆ ಹೋಗಿ ತಟ್ಟೆಯಲ್ಲಿ ಬಿಸಿ ಮಿರ್ಚಿ ತಂದಿಟ್ಟಳು. ಇಬ್ಬರೂ ತಿಂದರು.

ನನ್ನಜ್ಜಿ ಬೆಳೆದದ್ದು ಆ ಮಾತಿಲ್ಲದ ಮಡಿಲಲ್ಲಿ. ಊಟಕ್ಕೆ ಕರೆಯಬೇಕಾದರೆ ಆಕೆ ಸೌಟಿನಿಂದ ಬಾಣಲೆಯ ಅಂಚಿಗೆ ಬಡಿಯುತ್ತಿದ್ದಳಂತೆ. ಕಥೆ ಹೇಳು ಎಂದು ಕೂಸು ಹಟ ಹಿಡಿದರೆ ಬೆನ್ನು ಸವರುತ್ತಿದ್ದಳಂತೆ. ಅಜ್ಜಿ ಮದುವೆಯಾಗಿ ಮತ್ತೆ ಇದೇ ತೊರೆಹಾಳಕ್ಕೆ ಬಂದಳು. ಇಲ್ಲಿ ಎಲ್ಲರೂ ಆ ದನಿ ಕೇಳಿದ್ದರು. ಬೀಗರು, ಹಾಲಿನವನು, ನನ್ನ ಜೊತೆ ಶಾಲೆಗೆ ಬರುತ್ತಿದ್ದ ಹುಡುಗಿಯರು, ಎಲ್ಲರೂ. ನಮ್ಮ ಮನೆಯವರು ಮಾತ್ರ ಕೇಳಿಲ್ಲ. ಆಕೆ ಒಂದೇ ಕಿವಿಗೆ ಹೇಳಿದ್ದು, ಆ ಕಿವಿ ನಮ್ಮದಲ್ಲ ಎಂದು ಅಜ್ಜಿಯ ತಾಯಿ ಹಾಕಿದ ಕಟ್ಟು. ಊರವರೆಲ್ಲ ಉಂಡೆದ್ದ ಮನೆಯಲ್ಲಿ ಹಸಿದು ಕೂತವರ ಹಾಗೆ ಬೆಳೆದೆವು, ತಮ್ಮಾ. ನನಗೆ ಆಕೆಯ ಆ ಬೇಡಿಕೆಯ ಪ್ರತಿ ಮಾತೂ ಬಾಯಿಗೆ ಬರುತ್ತದೆ, ಅಣಕಿಸುವವರ ಬಾಯಿಂದ ಕಲಿತದ್ದು. ದನಿ ಗೊತ್ತಿಲ್ಲ. ಎಷ್ಟೋ ಸಲ ಪರದೆಯ ಆಚೆ ನಡುವಯಸ್ಸಿನ ಹೆಂಗಸು ಕೂತು ಮಾತಾಡುವಾಗ, ಹೀಗಿತ್ತೇನೋ ಎಂದು ನನ್ನ ಕೆಲಸವನ್ನೇ ಮರೆತಿದ್ದೇನೆ.

ಈಗ ಬಯಲುಮನೆಯಲ್ಲಿರುವ ಸಾಕ್ಷಿಗಳ ದನಿಗಳನ್ನೆಲ್ಲ ಅಳಿಸಿಬಿಡಬೇಕೆಂದು ತೀರ್ಮಾನವಾಗಿದೆ. ಅಳಿಸಲಿ ಎಂದು ಕೈ ಎತ್ತಿದವರಲ್ಲಿ ನಾನೂ ಒಬ್ಬಳು. ಕೈ ಎತ್ತಿ ಮನೆಗೆ ಬಂದು ಅತ್ತೆ. ಮರುದಿನ ಬೆಳಿಗ್ಗೆ ಅಜ್ಜಿ ತಲೆ ಬಾಚಿ, ಒಗೆದ ಇಳಕಲ್ ಸೀರೆ ಉಟ್ಟು, ನಡಿ ಎಂದಳು. ಬಯಲುಮನೆಯವರು ಅವಳ ಗುರುತು ಹಿಡಿದು ದಾರಿ ಬಿಟ್ಟರು. ಅಲ್ಲಿ ಗೂಡು ನೋಡಿಕೊಳ್ಳುವಾತ ಮೆಲ್ಲಗೆ ಒಂದು ಸಂಗತಿ ಹೇಳಿದ. ಎಲ್ಲರೂ ಆ ಬೇಡಿಕೆಯ ಮಾತನ್ನಷ್ಟೇ ಅಣಕಿಸುತ್ತಾರೆ, ಆದರೆ ಅದಕ್ಕೆ ಮೊದಲು, ಮಾತು ಶುರುವಾಗುವ ಮುಂಚೆ, ಆಕೆ ನಗುತ್ತ ಊಟ ಆತೇನ್ರಿ ಸಾಹೇಬ್ರ ಎಂದು ಕೇಳುತ್ತಾಳೆ, ಅದನ್ನು ಕೇಳಿಸಿಕೊ ಅಮ್ಮಾ ಎಂದ.

ಅಜ್ಜಿ ತಲೆಯನ್ನು ಗೂಡಿನೊಳಗೆ ಇಟ್ಟಳು. ಹೆಸರು ಹೇಳಿದರೆ ಮಾತ್ರ ದನಿ ಬರುತ್ತದೆ. ಅವಳು ಹೆಸರು ಹೇಳದೆಯೇ ತಲೆ ಹೊರತೆಗೆದು ನನ್ನ ಕಡೆ ತಿರುಗಿದಳು.

"ಹೆಸರು ಬರಬಾರ್ದು ಅಂತ ಬೇಡ್ಕೊಂಡಾಕೀನ ಹೆಸರು ಹಿಡದ ಹೆಂಗ ಕರೀಲಿ?" ಎಂದಳು. ನನ್ನ ಕೈ ಹಿಡಿದು ಮನೆಗೆ ಬಂದಳು.

ಇದಾದ ಮೇಲೆ ನಮ್ಮ ಮನೆಯ ಹಿಂದೋಲೆಯನ್ನು ನಿನಗೇ ಬರೆಯಬೇಕೆಂದು ಇಬ್ಬರೂ ನಿಶ್ಚಯಿಸಿದೆವು. ನಮ್ಮ ಕೋರಿಕೆ ಇಷ್ಟೇ. ಡಾಕ್ಟರ ವರದಿಯನ್ನು ಬಿಡು, ಹೊಡೆದವರ ಹೆಸರುಗಳನ್ನು ಬಿಡು, ಹೆದರಬೇಡ. ಹಿಂಬಾಗಿಲಲ್ಲಿ ಕಂಡವರೊಬ್ಬರು ಹೀಗೆ ಹೇಳಿದರು ಎಂದು ಆಕೆಯ ಮಾತನ್ನು ನಿನ್ನ ಮಾತಿನಲ್ಲಿ ಬರೆ. ಹೆಸರು ಮತ್ತು ದನಿ ಬೇಡ, ಅವನ್ನು ಅಳಿಸಿಬಿಡು. ಆರಿಸಿದರೆ ನೀನು ಅವರ ಹಾಗೆ ಆಗುವುದಿಲ್ಲ. ಅವರು ಬಚ್ಚಿಟ್ಟದ್ದು ತಮ್ಮನ್ನು, ನೀನು ಬಚ್ಚಿಡುವುದು ಆಕೆಯನ್ನು. ನಿನ್ನ ಕಂಪ್ಯೂಟರಿನೊಳಗೆ ನಾನು ನುಗ್ಗಿದಾಗ ಬಂದ ಸಿಟ್ಟನ್ನು ಇಟ್ಟುಕೋ ಎಂದಿದ್ದೆನಲ್ಲ, ಅದು ಈಗ ಬೇಕು. ಆಕೆಗೆ ಸಿಟ್ಟು ಮಾಡಿಕೊಳ್ಳಲೂ ಯಾರೂ ಬಿಡಲಿಲ್ಲ.

ನೀನು ಈ ಮಾತು ನಡೆಸಿದರೆ ಆಕೆಯ ದನಿ ನನಗೆಂದೂ ಸಿಗುವುದಿಲ್ಲ ಎಂಬುದು ಗೊತ್ತಿದೆ. ಕಳೆದುಕೊಂಡ ದನಿಯೊಂದು ಇತ್ತು ಎಂಬ ಈ ಹಂಬಲವೂ ನಮ್ಮ ಮನೆಯಲ್ಲಿ ಇರುವುದಿಲ್ಲ. ಆದರೆ ಅಜ್ಜಿ ಎಂಬ ಕೂಸು, ಬಾಣಲೆಯ ಸದ್ದಿಗೆ ಓಡಿಬರುವ ಬದಲು, ಆಕೆ ತನ್ನ ಹೆಸರು ಹಿಡಿದು ಕೂಗಿದ್ದಕ್ಕೆ ಓಡಿಬರುತ್ತಾಳೆ. ಅಷ್ಟಾದರೆ ಸಾಕು.

ಅಳಿಸುವ ಮೊದಲು ಒಂದು ಕೆಲಸ ಮಾಡು, ಇದು ಅಜ್ಜಿಯ ಕೋರಿಕೆ. ಬಾಗಿಲು ಹಾಕಿಕೊಂಡು, ಆ ಧ್ವನಿಮುದ್ರಣವನ್ನು ನಮ್ಮ ಮನೆಯವರೆಲ್ಲರ ಪರವಾಗಿ ಒಮ್ಮೆ ಮೊದಲಿನಿಂದ ಕೇಳು. ಶುರುವಿನಲ್ಲಿ ಆಕೆ ಊಟ ಆಯಿತೇ ಎಂದು ಕೇಳುತ್ತಾಳೆ. ಅಧಿಕಾರಿ ಅದಕ್ಕೆ ಉತ್ತರ ಕೊಡದೆ ನೇರ ಪ್ರಶ್ನೆಗೆ ಇಳಿದರಂತೆ. ಆಮೇಲೆ ಕೇಳಿದ ಲಕ್ಷಾಂತರ ಜನರಲ್ಲಿ ಯಾರೂ ಉತ್ತರ ಕೊಟ್ಟಿಲ್ಲ.

ನೀನು ಆಯಿತವ್ವಾ ಎನ್ನು. ಆಮೇಲೆ ಅಳಿಸು.

ಇಂತಿ,
ನೇಸರಿ
(ಇದು ಹೊರಗಿನ ಹೆಸರು)