ಕೆಳಗಿನ ಚಿಕ್ಕ ಎರಡು

ಜುಲೈ 7, ಸಂಜೆ 5.20
ಮತ್ತೆ ಅದೇ ಪುಟ. H₂ + O₂ → H₂O. ಎಡಗಡೆ ಆಕ್ಸಿಜನ್ ಎರಡು, ಬಲಗಡೆ ಒಂದು. ರಬ್ಬರ್ ಉಜ್ಜಿ ಉಜ್ಜಿ ಹಾಳೆ ತೂತು. ಕೆಮಿಸ್ಟ್ರಿ ವಾಟ್ಸಾಪ್ ಗ್ರೂಪಿಗೆ ಹಾಕಿದೆ. ಎರಡೇ ನಿಮಿಷ, ಅಡ್ಮಿನ್ "ಪಾದರಸ"ನ ಉತ್ತರ! "ಬಲಗಡೆ O ಕೆಳಗೂ ಚಿಕ್ಕ ಎರಡು ಹಾಕು. ಲೆಕ್ಕ ಸಮ ಆಯ್ತಾ? ಮುಗೀತು."
ಎಂಥಾ ತಲೆ! ನಮಗಿಂತ ಎರಡೇ ಕ್ಲಾಸ್ ಮುಂದೆ. ಮುಖ ನೋಡಿಲ್ಲ, ದನಿ ಕೇಳಿಲ್ಲ. ಅವನ ಎಲ್ಲ ಮೆಸೇಜಿಗೂ ಮೊದಲ ಲೈಕ್ ನನ್ನದು — ಅದಕ್ಕೇ ಗ್ರೂಪಿನಲ್ಲಿ ನನ್ನ ಹೆಸರು ಬಾಲಂಗೋಚಿ. ಇರಲಿ. ಯಾರ ಗಾಳಿಪಟದ ಬಾಲ ಅಂತ ನೋಡಬೇಕಲ್ಲ.

ಜುಲೈ 8
ಆ ಟ್ರಿಕ್ಕಿನಲ್ಲೇ ಹನ್ನೊಂದು ಸಮೀಕರಣ ಮುಗಿಸಿದೆ. ಪಾದರಸ ಅದನ್ನು ಪಿನ್ ಮಾಡಿದ್ದಾನೆ. ಗ್ರೂಪಿನ 412 ಜನಕ್ಕೂ ಶುಕ್ರವಾರ ಟೆಸ್ಟ್. ನನಗೆ ಬೇರೆ ಮೆಸೇಜ್: "ಟೆಸ್ಟ್ ಮುಗೀಲಿ, ನಿನ್ನ ಅಡ್ಮಿನ್ ಮಾಡ್ತೀನಿ."
ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಜುಲೈ 9, ಸಂಜೆ 4.10
ಹನ್ನೊಂದಕ್ಕೂ ಕೆಂಪು ಗೀಟು.
"ಲೆಕ್ಕ ಸಮ ಇದೆಯಲ್ಲಾ ಮಿಸ್?"
ಮೊದಲನೆಯದರ ಮೇಲೆ ಬೆರಳಿಟ್ಟರು. "ಸಮ ಇದೆ ಕಣಮ್ಮ. ಆದ್ರೆ ನೀರೆಲ್ಲಿ?"
ಬೆಲ್ ಹೊಡೆಯಿತು. ನೀರೆಲ್ಲಿ ಅಂದರೆ...?

5.15
ಅಕ್ಕನ ಪಾರ್ಲರ್. ಯಾರಿಗೋ ಡೈ ಕಲಸುತ್ತಿದ್ದಳು. ನನ್ನ H₂O₂ ನೋಡಿ ಬಿದ್ದು ಬಿದ್ದು ನಕ್ಕಳು. ಶೆಲ್ಫಿನಿಂದ ಬಾಟಲಿ ಇಳಿಸಿ ಲೇಬಲ್ ತೋರಿಸಿದಳು: ಹೈಡ್ರೋಜನ್ ಪೆರಾಕ್ಸೈಡ್. ಅದೇ ಅಕ್ಷರ, ಅದೇ ಚಿಕ್ಕ ಎರಡು.
"ಕೂದಲಿನ ಕಪ್ಪು ತೆಗೆಯೋದು ಕಣೆ ಇದು. ಬಾಯಾರಿದ್ರೆ ಕುಡಿ. ನಿನ್ನ ಪಾದರಸಂಗೂ ಒಂದು ಲೋಟ ಕೊಡು!"
"ಮತ್ತೆ ಹೇಗೆ ಸಮ ಮಾಡೋದು?"
"ಉದ್ದ ಕೂದಲು ಬಂದ್ರೆ ನಾನು ಎರಡು ಟ್ಯೂಬ್ ಡೈ ತಗೋತೀನಿ. ಟ್ಯೂಬ್ ಒಳಗಿರೋದನ್ನೇ ಬದಲಾಯಿಸ್ತೀನಾ?"
ಅಯ್ಯೋ! ಎರಡು ಮುಂದೆ. ಕೆಳಗಲ್ಲ! 2H₂ + O₂ → 2H₂O. ಮೂರು ಸಲ ಎಣಿಸಿದೆ. ಸಮ. ನೀರೂ ನೀರಾಗಿಯೇ ಇದೆ.

6.05
ಪಾದರಸನಿಗೆ ಬೇರೆಯಾಗಿ ಹೇಳಿದೆ.
"ನನಗೇ ಪಾಠನಾ? ಸುಮ್ನಿರು."
ಪಿನ್ ಹಾಗೇ ಇದೆ. ಲೈಕ್ ಬೀಳುತ್ತಲೇ ಇವೆ. ಬೆಳಗ್ಗೆ ಟೆಸ್ಟ್. ಬಾಯಿ ಬಿಟ್ಟರೆ ಗ್ರೂಪಿನಿಂದ ಔಟ್. ಬಿಡದಿದ್ದರೆ 412 ಜನ... ನಾಲ್ಕು ಸಲ ಟೈಪ್ ಮಾಡಿ ಅಳಿಸಿದೆ.

6.40
ಹಾಕಿಬಿಟ್ಟೆ. ಬಾಟಲಿಯ ಫೋಟೋ ಸಮೇತ. "ಪಿನ್ ಮಾಡಿರೋದು ತಪ್ಪು. ನಂಬರ್ ಮುಂದೆ ಹಾಕಿ. ಕೆಳಗಿನ ಚಿಕ್ಕದನ್ನ ಮುಟ್ಟಬೇಡಿ."
"ಓಹೋ, ಬಾಲಂಗೋಚಿಗೂ ಕೊಂಬು ಬಂತು!" ಅಂದ ಒಬ್ಬ.
"ಅಯ್ಯಯ್ಯೋ, ನಾನು ಇಪ್ಪತ್ತು ಹಾಗೇ ಬರೆದಿದ್ದೀನಿ. ಥ್ಯಾಂಕ್ಸ್ ಕಣೆ" — ಇನ್ನೊಬ್ಬಳು.
ನೋಡಿದವರು 97. 180.
ಪಾದರಸ ಟೈಪಿಂಗ್... ನಿಂತಿತು. ಮತ್ತೆ ಟೈಪಿಂಗ್...
ನನ್ನನ್ನು ಬೇಕಾದರೆ ತೆಗಿ ಮಾರಾಯ. ಮೆಸೇಜ್ ಅಳಿಸಬೇಡ. ಇನ್ನೂ ಇನ್ನೂರಕ್ಕೂ ಹೆಚ್ಚು ಜನ ನೋಡಿಲ್ಲ.
311. 340. 36... ಪರದೆ ಬದಲಾಯಿತು: "ನಿಮ್ಮನ್ನು ಗ್ರೂಪಿನಿಂದ ತೆಗೆಯಲಾಗಿದೆ."