ಅಪ್ಪನ ರಸಮಟ್ಟ ಮತ್ತು ನಿನ್ನ ಗಿಟಾರಿನ ವಾಲಿದ ಕಿವಿ

ನಮ್ಮ ಮನೆ, ಊಟದ ಮೇಜಿನ ಕಿಟಕಿ ಪಕ್ಕದ ಮೂಲೆ
ಮಾರ್ಚ್ ೮, ಶನಿವಾರ ಸಂಜೆ

ಪರಮಪೂಜ್ಯ ಅಕ್ಕನವರ ಪಾದಗಳಿಗೆ (ತೊಳೆದುಕೊಂಡಿದ್ದರೆ ಮಾತ್ರ) ಒಬ್ಬಳೇ ತಂಗಿಯ ನಮಸ್ಕಾರಗಳು.

ಹೇಗಿದ್ದೀಯ? ಕೆಮ್ಮು ಹೋಯಿತಾ? ಕನ್ನಡಕದಂಗಡಿಯಲ್ಲಿ ದಿನವಿಡೀ ಕಂಡವರ ಕಣ್ಣು ನೋಡಿ ನಿನ್ನ ಕಣ್ಣೇ ಉರಿಯುತ್ತದೆ ಅಂದಿದ್ದೆಯಲ್ಲ, ಈಗ ವಾಸಿಯಾ? ನಿನ್ನ ಕೋಣೆಯ ಜೊತೆಗಾತಿ ಈಗಲೂ ಲಾರಿ ಗೇರು ಬದಲಿಸಿದ ಹಾಗೆ ಗೊರಕೆ ಹೊಡೆಯುತ್ತಾಳಾ? ಇಲ್ಲಿ ಅಮ್ಮ ಕ್ಷೇಮ, ಅವಳ ಹೊಲಿಗೆ ಯಂತ್ರವೂ ಕ್ಷೇಮ. ಅಪ್ಪನ ಮಂಡಿ ಅರ್ಧ ಕ್ಷೇಮ, ಟೈಲ್ಸ್ ಹಾಕುವವರ ಮಂಡಿ ಅದಕ್ಕಿಂತ ಹೆಚ್ಚು ಕ್ಷೇಮವಾಗಿರುವುದಿಲ್ಲ. ನಾನು ಅತಿಯಾಗಿ ಕ್ಷೇಮ, ಮನೆಯವರಿಗೆಲ್ಲ ಅದೇ ಚಿಂತೆ. ಇನ್ನು ಅತಿ ಮುಖ್ಯವಾದ ವಿಚಾರಣೆ: ನಿನ್ನ ಎಡಗೈಯ ಉಂಗುರದ ಬೆರಳು ಹೇಗಿದೆ? ಆ ಬೆರಳಿಗೆ ನನ್ನ ಪರವಾಗಿ ಒಂದು ಮುತ್ತು ಕೊಡು. ಯಾಕೆಂದರೆ ಅಕ್ಕಾ, ಅದು ನಿರಪರಾಧಿ. ಸಾಕ್ಷಿ ಸಮೇತ ಸಾಬೀತಾಗಿದೆ. ಇದನ್ನು ಬರೆಯುವಾಗ ನನ್ನ ಪೆನ್ನು ನಡುಗುತ್ತಿದೆ, ಅದಕ್ಕೆ ಅರ್ಧ ಕಾರಣ ಸಂತೋಷ. ಉಳಿದರ್ಧ, ಪೆನ್ನಿನ ಒಳಗಿನ ಸ್ಪ್ರಿಂಗ್ ಈಗ ಪೆನ್ನಿನಲ್ಲಿಲ್ಲ. ಅದೆಲ್ಲಿಗೆ ಹೋಯಿತೆಂದು ಹೇಳುತ್ತೇನೆ, ತಾಳು.

ಫೋನ್ ಯಾಕೆ ಮಾಡಲಿಲ್ಲ ಅಂತ ಕೇಳಬೇಡ. ಗಿಟಾರ್ ಎನ್ನುವ ಶಬ್ದ ಬಾಯಿಂದ ಬಂದ ಕೂಡಲೇ ನಿನ್ನ ಕಡೆ ಸಿಗ್ನಲ್ ಹೋಗುತ್ತದೆ. ಕಾಗದವಾದರೆ ನೀನು ನಡುವೆ ಕಟ್ ಮಾಡಲಾರೆ, ಹೆಚ್ಚೆಂದರೆ ಹರಿಯಬಹುದು. ಹರಿದರೂ ತುಂಡು ಜೋಡಿಸಿ ಓದುವ ಜಾತಿ ನೀನು, ನನಗೆ ಗೊತ್ತು. ಕಳೆದ ಸಲ ಮಾತಾಡಿದಾಗ ಏನಂದೆ? "ಆ ಗಿಟಾರ್ ಯಾರಿಗಾದ್ರೂ ಕೊಟ್ಬಿಡೇ, ನನ್ನ ಕಣ್ಣಿಗೆ ಕಾಣೋದು ಬೇಡ." ನಾನು ವಿನಯದಿಂದ ಆಗಲಿ ಅಂದೆ. ಕೊಡುವ ಉದ್ದೇಶವೂ ಇತ್ತು. ಆದರೆ ಕೊಡುವ ಮುಂಚೆ ಅದರಿಂದ ಒಂದೇ ಒಂದು ಸಮಾಜಸೇವೆ ಮಾಡಿಸಬೇಕೆನಿಸಿತು. ಕೆಳಗಿನ ಮನೆಯ ಟ್ಯೂಷನ್ ಮೇಷ್ಟ್ರು ಮಧ್ಯಾಹ್ನ ಮಲಗುತ್ತಾರಲ್ಲ, ನಾನು ಚಪ್ಪಲಿ ಹಾಕಿ ನಡೆದರೂ ಪೊರಕೆಯ ಕೋಲಿನಿಂದ ಸೂರು ಕುಟ್ಟುತ್ತಾರಲ್ಲ, ಅವರಿಗೆ ಒಂದು ಎಮ್ಮೆ, ಅದರ ಬೆನ್ನಿಗೇ ಒಂದು ಬೆಕ್ಕು ಕೇಳಿಸಬೇಕೆಂದು ಯೋಜನೆ. ಎಮ್ಮೆಗೆ ದಪ್ಪ ತಂತಿ, ಬೆಕ್ಕಿಗೆ ಸಣ್ಣ ತಂತಿ. ಆಂಪ್ಲಿಫೈಯರ್ ನೆಲಕ್ಕೆ ಮುಖ ಮಾಡಿ ಇಟ್ಟೆ. ದಪ್ಪ ತಂತಿ ಮೀಟಿದೆ: ಎಮ್ಮೆ ಎಂದರೆ ಎಮ್ಮೆ, ಲೋಟಗಳೆಲ್ಲ ಗಡಗಡ. ಸಣ್ಣ ತಂತಿ ಮೀಟಿದೆ: ಬೆಕ್ಕೂ ಇಲ್ಲ, ಬೆಕ್ಕಿನ ಮರಿಯೂ ಇಲ್ಲ. ಎಲ್ಲೋ ಪಕ್ಕದ ಬೀದಿಯಲ್ಲಿ ಸೊಳ್ಳೆಗೆ ಬೇಜಾರಾದ ಹಾಗೆ ಒಂದು ಸದ್ದು.

ಆಗ ನನಗೆ ಹೊಳೆಯಿತು. ಅಕ್ಕಾ, ಗಮನವಿಟ್ಟು ಓದು. ನಾನು ತಂತಿಯನ್ನು ಒತ್ತಿರಲೇ ಇಲ್ಲ. ನನ್ನ ಎಡಗೈ ಸೊಂಟದ ಮೇಲಿತ್ತು. ಬೆರಳೇ ಮುಟ್ಟದ ತಂತಿ ಸದ್ದು ಮಾಡದಿದ್ದರೆ ತಪ್ಪು ಬೆರಳಿನದು ಹೇಗಾಗುತ್ತದೆ? ನಿಮ್ಮ ಬ್ಯಾಂಡಿನ ಕಾರ್ಯಕ್ರಮದ ಆ ಸಂಜೆ ಸಭಾಂಗಣದಲ್ಲಿ ನಿನ್ನ ಸರದಿ ಬಂದಾಗ ಸಣ್ಣ ತಂತಿಗಳ ಇಡೀ ಭಾಗ ಯಾರಿಗೂ ಕೇಳಿಸದೆ ಹೋಯಿತು, ಮುಂದಿನ ಸಾಲಿನವರು ನಕ್ಕರು, ನಿಮ್ಮ ಗಡ್ಡದಣ್ಣ ಹಲ್ಲು ಕಚ್ಚಿಕೊಂಡು ನಿಂತ. ಡಬ್ಬಿಯ ಮುಚ್ಚಳ ಕೊಯ್ದು ಹೊಲಿಗೆ ಹಾಕಿಸಿಕೊಂಡ ಬೆರಳು ಸತ್ತೇಹೋಯಿತೆಂದು ನೀನು ತೀರ್ಮಾನ ಮಾಡಿದೆ. ವಾಪಸು ಬರುವಾಗ ಅಪ್ಪ ಸಮಾಧಾನ ಮಾಡಲೆಂದೇ "ಬೆರಳು ಮೊದ್ಲಿನ ಹಾಗಿಲ್ಲ ಬಿಡಮ್ಮ, ಸಾಕು" ಅಂದರು. ನಿನಗೆ ಅದು ತೀರ್ಪಾಗಿ ಕೇಳಿಸಿತು. ಗಿಟಾರಿನ ಚೀಲದ ಜಿಪ್ಪು ಎಳೆದವಳು ಆಮೇಲೆ ತೆರೆಯಲಿಲ್ಲ. ಅಪ್ಪನ ಜೊತೆಗೂ "ಹ್ಞೂಂ", "ಉಹ್ಞೂಂ" ಬಿಟ್ಟು ಬೇರೆ ಮಾತಿಲ್ಲ.

ನಾನು ಮೇಷ್ಟ್ರನ್ನು ಅವರ ಪಾಡಿಗೆ ಬಿಟ್ಟು (ಪೊರಕೆ ಆಗಲೇ ಶುರುವಾಗಿತ್ತು) ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಪಕ್ಕದಿಂದ ನೋಡಿದೆ. ತಂತಿಗಳ ಕೆಳಗೆ ಕೂತು ಅವು ಅಲುಗುವುದನ್ನು ಕೇಳಿಸಿಕೊಳ್ಳುವ ಆ ಆಯಸ್ಕಾಂತದ ಪೆಟ್ಟಿಗೆ, ಪಿಕಪ್, ಬಸ್ಸಿನಲ್ಲಿ ತೂಕಡಿಸುವವರ ತಲೆಯ ಹಾಗೆ ವಾಲಿಕೊಂಡಿತ್ತು! ದಪ್ಪ ತಂತಿಯ ಕಡೆ ಮೇಲೆದ್ದಿದೆ, ಸಣ್ಣ ತಂತಿಯ ಕಡೆ ಮರದೊಳಗೆ ಹೂತುಹೋಗಿದೆ. ಗಿಟಾರಿಗೆ ಒಂದು ಕಡೆ ಕಿವುಡು ಬಂದರೆ ನಾವೆಲ್ಲ ಸೇರಿ ನಿನ್ನ ಬೆರಳಿಗೆ ಸೂತಕ ಆಚರಿಸಿದೆವು.

ಅಪ್ಪ ಕೆಲಸದಿಂದ ಬಂದ ಕೂಡಲೇ ತೋರಿಸಿದೆ. ಕೈಕಾಲು ಕೂಡ ತೊಳೆಯದೆ, ಗಾರೆ ಮೆತ್ತಿದ ಪ್ಯಾಂಟಿನಲ್ಲೇ ಬಗ್ಗಿ ನೋಡಿದರು. ಮುಖ ಒಂಥರಾ ಆಯಿತು. ಕೆಲಸದ ಚೀಲದಿಂದ, ನೆಲ ಮಟ್ಟಸವಾಗಿದೆಯೇ ಎಂದು ಗುಳ್ಳೆ ನೋಡಿ ಹೇಳುವ ತಮ್ಮ ರಸಮಟ್ಟ ತೆಗೆದರು. ಅಕ್ಕಾ, ಆ ದೃಶ್ಯ ನೀನು ನೋಡಬೇಕಿತ್ತು! ಗಿಟಾರನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ತಂತಿ ಸಡಿಲಿಸಿ ಪಕ್ಕಕ್ಕೆ ಸರಿಸಿ, ಪಿಕಪ್ಪಿನ ಮೇಲೆ ರಸಮಟ್ಟ ಇಟ್ಟು, ಆಪರೇಷನ್ ಮಾಡುವ ಡಾಕ್ಟರ ಗಾಂಭೀರ್ಯದಿಂದ ಎರಡೂ ತುದಿಯ ಸ್ಕ್ರೂ ತಿರುಗಿಸಿದರು. ಸಣ್ಣ ತಂತಿಯ ಕಡೆ ಪಿಕಪ್ಪನ್ನು ಮೇಲೆ ತಳ್ಳುವ ಸ್ಪ್ರಿಂಗಿಗೆ ಜೀವವೇ ಇರಲಿಲ್ಲ, ಸ್ಕ್ರೂ ಎಷ್ಟು ತಿರುಗಿಸಿದರೂ ಅದು ಮೇಲೆ ಬರುತ್ತಿರಲಿಲ್ಲ. ಅಲ್ಲಿಗೆ ನನ್ನ ಪೆನ್ನಿನ ಸ್ಪ್ರಿಂಗ್ ಬಲಿಯಾಯಿತು. ಕೊನೆಗೆ ರಸಮಟ್ಟದ ಗುಳ್ಳೆ ಎರಡು ಗೆರೆಗಳ ನಡುವೆ ರಾಜನ ಹಾಗೆ ಬಂದು ಕೂತಿತು. ತಂತಿ ಬಿಗಿದು ಮೀಟಿದರೆ, ಮೊದಲಿಗಿಂತ ಕೆಟ್ಟ ಸದ್ದು! ದಪ್ಪ ತಂತಿ ಪಿಕಪ್ಪಿಗೇ ತಾಗಿ ಗೊರಗೊರ ಅನ್ನುತ್ತಿದೆ, ಸಣ್ಣದು ಅದೇ ಸೊಳ್ಳೆ. ಅಪ್ಪನಿಗೆ ಅವಮಾನ. "ನೋಡು, ಗುಳ್ಳೆ ನಡುವಲ್ಲೇ ಇದೆ. ನನ್ನ ಕೆಲಸ ಸರಿಯಾಗಿದೆ. ತಪ್ಪು ಗಿಟಾರಿಂದು." ನಾನು ಮತ್ತೆ ನೋಡಿ ಅಂದೆ. ಮತ್ತೆ ನೋಡಿದರು. ಗುಳ್ಳೆ ಕದಲಲಿಲ್ಲ, ಅಪ್ಪನೂ ಕದಲಲಿಲ್ಲ.

ಆಗ ಅಮ್ಮ, ಹೊಲಿಗೆಯಿಂದ ತಲೆ ಎತ್ತದೆಯೇ, ಬಾಯಲ್ಲಿ ದಾರ ಕಚ್ಚಿಕೊಂಡೇ ಅಂದಳು: "ರೀ, ಬಚ್ಚಲಲ್ಲಿ ನೀವು ಟೈಲ್ಸ್ ಹಾಕುವಾಗ ಗುಳ್ಳೆ ನಡುವೆ ಬರೋ ಹಾಗೆ ಹಾಕ್ತೀರಾ?"

ಅಪ್ಪ ರೇಗಿದರು. "ಬಚ್ಚಲಲ್ಲಿ ಮಟ್ಟಸ ಹಾಕಿದ್ರೆ ನೀರು ನಿಲ್ಲುತ್ತೆ ಕಣೇ. ಮೋರಿ ಎಲ್ಲಿದೆಯೋ ಆ ಕಡೆ ಇಳಿಜಾರು..." ಎಂದವರು ಅಲ್ಲೇ ಬಾಯಿ ತೆರೆದುಕೊಂಡು ನಿಂತರು. ಗಿಟಾರನ್ನು ನೋಡಿದರು. ಅದರ ಬೆನ್ನು ಉಬ್ಬು, ಮೇಜು ಹಳೆಯದು, ಕತ್ತು ಒಂದು ಕಡೆ, ತಂತಿಗಳ ಓಟ ಇನ್ನೊಂದು ಕಡೆ. ಭೂಮಿಗೆ ಮಟ್ಟಸವಾಗಿದ್ದರೆ ಪಿಕಪ್ಪಿಗೆ ಏನು ಬಂತು? ಅದು ಮಟ್ಟಸವಾಗಿರಬೇಕಾದದ್ದು ತಂತಿಗಳಿಗೆ. "ಇಲ್ಲಿ ಮೋರಿ ತಂತಿ ಕಣೇ!" ಎಂದು ಅಪ್ಪ ಕೂಗಿದ ಕೂಗಿಗೆ ಕೆಳಗಿನಿಂದ ಪೊರಕೆ ಬಂತು. ನಿನ್ನ ಪ್ರೀತಿಯ ವಾದ್ಯವನ್ನು ಇಷ್ಟು ಗೌರವದಿಂದ ಯಾರೂ ವರ್ಣಿಸಿರಲಾರರು.

ಆಮೇಲೆ ನಡೆದದ್ದು ಶುದ್ಧ ಕಸುಬು. ರಸಮಟ್ಟ ಚೀಲಕ್ಕೆ ಹೋಯಿತು. ಪಿಕಪ್ ಗಿಟಾರಿನ ಕತ್ತಿನ ಕಡೆಗೂ ಮುಗ್ಗರಿಸಿರುವುದು ಆಗ ಕಂಡಿತು, ಅದರ ಅಡಿಗೆ ಮೆತ್ತೆ ಬೇಕಾಯಿತು. ಅಪ್ಪ ತಮ್ಮ ಮಂಡಿಗೆ ಕಟ್ಟಿಕೊಳ್ಳುವ ಮೆತ್ತೆಯ ಮೂಲೆಯನ್ನೇ ಕತ್ತರಿಸಿದರು. ನಾನು ಬೇಡ ಅಂದೆ. "ಸುಮ್ನಿರು, ಒಂದು ಮೂಲೆಯಿಂದ ನನ್ನ ಮಂಡಿಯೇನೂ ಸವೆಯೋದಿಲ್ಲ" ಅಂದರು. ಅದನ್ನು ಅಡಿಗೆ ತುರುಕಿದ ಮೇಲೆ ಪಿಕಪ್ ತಲೆ ಎತ್ತಿತು. ತಂತಿಗೂ ಪಿಕಪ್ಪಿಗೂ ಎಷ್ಟು ಸಂದು ಬಿಡಬೇಕೆಂಬ ಪ್ರಶ್ನೆ ಬಂತು. ಎರಡು ಟೈಲ್ಸ್ ನಡುವೆ ಸಂದು ಸಮ ಇರಲೆಂದು ಇಡುತ್ತಾರಲ್ಲ, ಪುಟ್ಟ ಪ್ಲಾಸ್ಟಿಕ್ ತುಂಡು, ಅದನ್ನೇ ಅಳತೆಗೆ ಇಟ್ಟರು. ನಾನು ತಂತಿಯನ್ನು ಕತ್ತಿನ ಮೇಲಿನ ಕೊನೆಯ ಲೋಹದ ಪಟ್ಟಿಯ ಹತ್ತಿರ ಒತ್ತಿ ಹಿಡಿಯಬೇಕು, ಅವರು ಉಸಿರು ಬಿಗಿಹಿಡಿದು ಸ್ಕ್ರೂ ತಿರುಗಿಸಬೇಕು. ಸಣ್ಣ ತಂತಿಯ ಕಡೆ ಕೂದಲೆಳೆಯಷ್ಟು ಹತ್ತಿರ, ದಪ್ಪ ತಂತಿಯ ಕಡೆ ಸ್ವಲ್ಪ ದೂರ. ನನ್ನ ಬೆರಳ ತುದಿಯಲ್ಲಿ ಇನ್ನೂ ಗೆರೆ ಇದೆ, ಬಂದರೆ ತೋರಿಸುತ್ತೇನೆ.

ಮೀಟಿದೆ. ಅಕ್ಕಾ, ಬೆಕ್ಕು ಬಂತು! ಬೆಕ್ಕಲ್ಲ, ಗಂಟೆ. ಗಾಜಿನ ಗಂಟೆ. ಸಣ್ಣ ತಂತಿ ಮನೆಯೆಲ್ಲ ತುಂಬಿಕೊಂಡಿತು, ಅಮ್ಮನ ಯಂತ್ರ ತಾನಾಗಿ ನಿಂತಿತು. ನನಗೆ ಬರುವುದೇ ಒಂದು ಅರ್ಧ ರಾಗ, ಅದನ್ನೇ ಅಪ್ಪ ಮತ್ತೆ ಮತ್ತೆ ನುಡಿಸಿಸಿದರು. ಆಮೇಲೆ ಸ್ಕ್ರೂ ಡ್ರೈವರ್ ಕೈಯಲ್ಲೇ ಹಿಡಿದುಕೊಂಡು, ನನಗಲ್ಲ, ಆ ಪಿಕಪ್ಪಿಗೆ ಹೇಳಿದರು: "ಛೆ, ಅವಳಿಗೆ ನಾನು ಹಾಗನ್ನಬಾರದಾಗಿತ್ತು." ಇಂಥ ಕಡೆ ನಾನು ಸಾಮಾನ್ಯವಾಗಿ ಒಂದು ತಮಾಷೆ ಸೇರಿಸುತ್ತೇನೆ. ಏನೂ ಹೊಳೆಯಲಿಲ್ಲ.

ಆದ್ದರಿಂದ ಗಿಟಾರನ್ನು ಯಾರಿಗೂ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಿನ್ನ ಆಜ್ಞೆ ಉಲ್ಲಂಘಿಸಿದ್ದಕ್ಕೆ ಯಾವ ಶಿಕ್ಷೆ ಕೊಟ್ಟರೂ ತಲೆಬಾಗಿ ಸ್ವೀಕರಿಸುತ್ತೇನೆ, ನಾಲ್ಕನೇ ಮನೆಯವರೆಗೆ ಕೇಳುವ ಹಾಗೆ ನೀನೊಮ್ಮೆ ನುಡಿಸಿದ ಮೇಲೆ. ಅಮ್ಮ ನೆನಪು ಹೇಳಿದ್ದಾಳೆ, ಕೆಮ್ಮಿಗೆ ಬಿಸಿನೀರು ಕುಡಿಯಬೇಕಂತೆ. ಮೇಷ್ಟ್ರ ಪೊರಕೆಯೂ ನೆನಪು ಹೇಳಿದೆ.

ಇತಿ ನಿನ್ನ ಹಿತಚಿಂತಕಿ, ಮೇಷ್ಟ್ರ ಹಿತಶತ್ರು,
ಕಪಿ

ವಿ.ಸೂ.: ಇದನ್ನು ಗೋಡೆಗೆ ಒತ್ತಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು. ಅಂಚೆಗೆ ಹಾಕಲು ಅಪ್ಪ ಬಿಡಲಿಲ್ಲ. ಇಂದು ಭಾನುವಾರ, ನಿನಗೆ ರಜೆ. ಬೆಳಗಿನ ಮೊದಲ ಬಸ್ಸು ಹಿಡಿದೆವು. ದಾರಿಯುದ್ದಕ್ಕೂ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಹಳ್ಳ ಬಂದಾಗಲೆಲ್ಲ ಡ್ರೈವರನ್ನು ಬೈದುಕೊಂಡು ಬಂದ ಅಪ್ಪ, ಈಗ ನಿನ್ನ ಮೆಟ್ಟಿಲ ಕೆಳಗೆ ನಿಂತುಬಿಟ್ಟಿದ್ದಾರೆ. "ನೀನು ಮೊದ್ಲು ಹೋಗು, ಅವಳಿಗೆ ಕೋಪ ಇದ್ಯಾ ನೋಡು" ಅಂತ ನನ್ನನ್ನು ಮೇಲೆ ಅಟ್ಟಿದರು. ಈ ಕಾಗದ ಬಾಗಿಲಡಿಯಿಂದ ಒಳಗೆ ಬಂತಲ್ಲ, ಅದನ್ನು ತಳ್ಳಿದ ಕೈ ಇನ್ನೂ ಬಾಗಿಲಾಚೆಯೇ ಇದೆ. ಆಂಪ್ಲಿಫೈಯರ್ ಹೊತ್ತು ನನ್ನ ತೋಳು ಕಿತ್ತುಬರುತ್ತಿದೆ, ಆದರೂ ನನಗೆ ಬಾಗಿಲು ತೆಗೆಯಬೇಡ. ಕಿಟಕಿಯಿಂದ ಕೆಳಗೆ ಬಗ್ಗಿ "ಅಪ್ಪಾ, ಮೇಲೆ ಬನ್ನಿ" ಅಂತ ಒಂದು ಸಲ ಕೂಗು.