ನಮ್ಮ ಬೀದಿಯ ಮತಗಟ್ಟೆ

ಮಾರ್ಚ್ ೧೨, ಗುರುವಾರ.

ಪಕ್ಷದ ಅಧ್ಯಕ್ಷರ ಮಾತು ಬೆಳಗ್ಗಿನಿಂದ ತಲೆ ಕೊರೆಯುತ್ತಿದೆ. “ಈ ಸಲ ಪಕ್ಕದ ಕ್ಷೇತ್ರಕ್ಕೆ ಹೋಗ್ಬಿಡಿ ಮೇಡಂ, ಕಣ್ಣು ಮುಚ್ಕೊಂಡು ಗೆಲ್ತೀರಿ. ಇಲ್ಲಿ ನಿಮ್ಮ ಬೀದಿಯೋರೇ ನಿಮಗೆ ವೋಟು ಹಾಕಲ್ಲ.”

ಸುಳ್ಳೇನಲ್ಲ. ಮೊದಲ ಚುನಾವಣೆಯಲ್ಲಿ ಹೀನಾಯವಾಗಿ ಸೋತಾಗ ನಮ್ಮ ಬೀದಿಯ ಮತಗಟ್ಟೆಯಲ್ಲಿ ಮಾತ್ರ ಮುಂದಿದ್ದೆ. ಆಮೇಲೆ ಮೂರು ಸಲ ಶಾಸಕಿಯಾದೆ. ಮೊದಲ ಸಲ ಗೆದ್ದ ವರ್ಷವೇ ಈ ಬೀದಿಯನ್ನು ಅಗಲ ಮಾಡಿಸಿದೆ. ಎಲ್ಲರ ಮನೆ ಮುಂದಿನ ಮೆಟ್ಟಿಲೂ ಹೋಯಿತು, ನಮ್ಮದೂ ಹೋಯಿತು. ಅಂದಿನಿಂದ ಇಡೀ ಕ್ಷೇತ್ರ ಗೆಲ್ಲಿಸಿದರೂ ಈ ಒಂದು ಮತಗಟ್ಟೆ ನನ್ನನ್ನು ಸೋಲಿಸುತ್ತಲೇ ಇದೆ.

ಹೋದ ತಿಂಗಳು ಎದುರುಮನೆಯಲ್ಲಿರುವ ನಮ್ಮಣ್ಣನಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಬಾಗಿಲವರೆಗೂ ಬಂತು. ಅಣ್ಣ ಉಳಿದ. ಅದನ್ನು ಹೇಳಿಕೊಂಡು ವೋಟು ಕೇಳುವವಳಲ್ಲ ನಾನು. ಆದರೆ ಇನ್ನೊಮ್ಮೆ ಅವಕಾಶ ಸಿಕ್ಕರೂ ಆ ಮೆಟ್ಟಿಲುಗಳನ್ನು ಒಡೆಸಿಯೇ ಒಡೆಸುತ್ತೇನೆ.

ಸಂಜೆ ಅಧ್ಯಕ್ಷರಿಗೆ ಫೋನ್ ಮಾಡಿ, ನಿಂತರೆ ಇಲ್ಲೇ ನಿಲ್ಲುವುದು, ಟಿಕೆಟ್ ಕೊಡದಿದ್ದರೆ ಪಕ್ಷೇತರಳಾಗಿಯಾದರೂ ಸರಿ ಎಂದೆ.

ಆಮೇಲೆ ಅತ್ತಿಗೆಗೆ ಹೇಳಲು ಎದುರುಮನೆಗೆ ಹೋದೆ. ಮೆಟ್ಟಿಲು ಹೋದಂದಿನ ಸಿಟ್ಟು ಅವರಿಗಿನ್ನೂ ಇಳಿದಿಲ್ಲ. ಕೂರುವ ಮೊದಲೇ ತಟ್ಟೆ ಇಟ್ಟು ಬಡಿಸಿದರು.

“ನಿಂತ್ಕೋ. ನನ್ನ ವೋಟು ಮಾತ್ರ ಕೇಳ್ಬೇಡ.”

“ನಾಳೆ ಮೊದಲು ನಿಮ್ಮನೆಗೇ ಬರ್ತೀನಿ ಅತ್ತಿಗೆ, ಕೇಳೋಕೆ.”

“ಬಾ. ಹಾಕಲ್ಲ.”

ನೀರಿನ ಲೋಟ ಕುಕ್ಕಿ, ಒಳಗೆ ಹೋಗುತ್ತಾ ಅಂದರು: “ಬೇರೆ ಕಡೆ ಹೋಗಿ ನಿಂತಿದ್ರೆ ಊಟಾನೂ ಹಾಕ್ತಿರ್ಲಿಲ್ಲ.”